ವಲ್ಲಿ ಎತ್ತಿ ನೋಡುವ ಕಾಕಾ

ಸಂಶಯ ಎಂಬ ಮಾತಿನ ಅರ್ಥ ಬೇಕಾದವರು ನಿಘಂಟು ತೆಗೆದು ಕಣ್ಣು ಕೆಡಿಸಿಕೊಳ್ಳಬೇಕಿರಲಿಲ್ಲ. ಸೊರಟೂರಿಗೆ ಬಂದು ನಮ್ಮ ಕಾಕಾನ ಎದುರು ಅರ್ಧ ತಾಸು ಕುಳಿತರೆ ಸಾಕಿತ್ತು! ಪೊಲೀಸನಿಗೆ ಬರುವುದು ಗುಮಾನಿ, ಅತ್ತೆಗೆ ಸೊಸೆಯ ಮೇಲೆ ಬರುವುದು ಸಂಶಯ, ಮುಗಿಲು ನೋಡಿ ಮಳೆ ಬಂದೀತೇ ಎಂದುಕೊಳ್ಳುವುದು ಅನುಮಾನ. ಕಾಕಾನಿಗೆ ಈ ಮೂರೂ ಮುಖ ತೊಳೆಯುವುದರೊಳಗೆ ಬಂದುಬಿಡುತ್ತಿದ್ದವು. ತಂಬಿಗೆಗೆ ನೀರು ತುಂಬಿದವರು ಯಾರು ಎಂಬಲ್ಲಿಂದಲೇ ಅವನ ದಿನ ಶುರು.

ಬಸ್ಸು ಹತ್ತುವಾಗ ಕಂಡಕ್ಟರನನ್ನು, ಹತ್ತಿದ ಮೇಲೆ ಡ್ರೈವರನನ್ನು, ಕುಳಿತ ಮೇಲೆ ಪಕ್ಕದವನನ್ನು ಕೇಳುತ್ತಿದ್ದ: "ಇದು ಗದಗಕ್ಕ ಹೊಂಟೈತೇನ್ರಿ?" ಇಳಿದ ಮೇಲೆ ದಾರಿಹೋಕನೊಬ್ಬನನ್ನು ತಡೆದು, "ಇದು ಖರೇನ ಗದಗ ಹೌದಲ್ರೀ?"

ಸ್ವಾತಂತ್ರ್ಯ ಬಂದಾಗ ಚಾವಡಿಯ ಮುಂದೆ ಪೇಢೆ ಹಂಚಿದರು. ಕಾಕಾ ತನ್ನ ಪೇಢೆ ಮೂಸಿ ನೋಡಿದ.

"ಇಂಗ್ಲೀಷರು ಹೋದ್ರಂತ ಯಾರು ಹೇಳಿದ್ರಲೇ ತಮ್ಮಾ?"

"ಊರೆಲ್ಲಾ ಹೇಳಾಕತ್ತೈತಿ ಕಾಕಾ. ಹಡಗ ಹತ್ತಿದ್ರಂತ."

"ಹತ್ತಿದವ್ರಿಗೆ ಇಳಿಯಾಕ ಬರೂದಿಲ್ಲೇನು?"

ಪೇಢೆಯಲ್ಲಿ ಅರ್ಧ ನನಗೆ ತಿನ್ನಿಸಿ, ನಾನು ಬದುಕಿದ್ದೇನೆಂಬುದು ಖಾತ್ರಿಯಾದ ಮೇಲೆ ಉಳಿದರ್ಧ ಬಾಯಿಗೆ ಹಾಕಿಕೊಂಡ. ಕಾಕಾನ ಪಾಲಿಗೆ ದೇಶ ಸ್ವತಂತ್ರವಾದದ್ದು ನನ್ನ ಜೀವದ ಜಾಮೀನಿನ ಮೇಲೆ!

ನಾನೋ, ಬರಿಗೈಯಲ್ಲಿ ಶುರುಮಾಡಿ ದನದ ಸಂತೆಯಲ್ಲಿ ದಲ್ಲಾಳಿಯಾದವನು. ಅಲ್ಲಿ ದರವನ್ನು ಬಾಯಲ್ಲಿ ಆಡುವುದಿಲ್ಲ. ಇಬ್ಬರ ಕೈಯ ಮೇಲೆ ಹೆಗಲ ವಲ್ಲಿ ಹೊದಿಸಿ, ಒಳಗೆ ಬೆರಳು ಒತ್ತಿ ತಿಳಿಸುತ್ತೇವೆ. ಸುತ್ತ ನಿಂತವರಿಗೆ ಬಟ್ಟೆ ಅಲುಗಾಡುವುದಷ್ಟೇ ಕಾಣುತ್ತದೆ. ಎತ್ತು ಕೊಡಿಸಲೆಂದು ಕಾಕಾನನ್ನು ಕರೆದೊಯ್ದೆ. ವ್ಯಾಪಾರ ಇನ್ನೇನು ಕುದುರಿತು ಅನ್ನುವಾಗ ಪುಣ್ಯಾತ್ಮ ವಲ್ಲಿಯನ್ನು ಸರಕ್ಕನೆ ಎತ್ತಿ ಒಳಗೆ ಇಣುಕಿದ!

"ಏನ್ ಮಾಡ್ತಿ ಕಾಕಾ?"

"ಬೆರಳು ಇವನವ ಹೌದೋ ಅಲ್ಲೋ, ನೋಡಬಾರದೇನಲೇ?"

ಸಂತೆಗೆ ಸಂತೆಯೇ ನಕ್ಕಿತು. ಎತ್ತಿನವನು ಎತ್ತು ಹೊಡೆದುಕೊಂಡು ಹೋದ. ವ್ಯವಹಾರಕ್ಕೆ ಇಳಿಯುವವರಿಗೆ ನನ್ನದೊಂದು ಬಿಟ್ಟಿ ಸಲಹೆ: ಎತ್ತಿನ ಹಲ್ಲಿನ ಮೇಲೆ ಎಷ್ಟು ಬೇಕಾದರೂ ಸಂಶಯಪಡಿ, ಮನುಷ್ಯನ ಕೈ ಹಿಡಿದ ಮೇಲೆ ಬೇಡ.

ಇದೆಲ್ಲ ನಗುವ ಮಾತಾಯಿತು. ನಗಲಾರದ್ದೆಂದರೆ ಕಾಕಾನ ಒಬ್ಬಳೇ ಮಗಳು, ತಾಯಿಯಿಲ್ಲದ ನೀಲವ್ವನ ಮದುವೆ. ಬಂದ ಗಂಡುಗಳೆಲ್ಲ ಸಂಶಯಕ್ಕೆ ಬಲಿ. ಒಬ್ಬ ಬಹಳ ಮಾತಾಡಿದ, ಏನೋ ಮುಚ್ಚಿಡುತ್ತಿದ್ದಾನೆ. ಇನ್ನೊಬ್ಬ ಮಾತೇ ಆಡಲಿಲ್ಲ, ಎಲ್ಲವನ್ನೂ ಮುಚ್ಚಿಡುತ್ತಿದ್ದಾನೆ! ಓರಗೆಯವರ ಕೂಸುಗಳಿಗೆ ಕುಲಾವಿ ಹೊಲಿಯುತ್ತ ನೀಲವ್ವ ಮನೆಯಲ್ಲೇ ಉಳಿದಳು. ಆ ಮನೆಗೆ ಗಂಡು ತರುವವರೇ ಇಲ್ಲದಾದಾಗ ನಾನೇ ಲಕ್ಷ್ಮೇಶ್ವರದ ಹತ್ತಿರದ ಶಿಗ್ಲಿಯಿಂದ ಒಬ್ಬ ರೈತನ ಮಗನನ್ನು ಹಿಡಿದು ತಂದೆ.

ಕಾಕಾ ಹುಡುಗನನ್ನು ಒಂದು ಸುತ್ತು ಹಾಕಿದ. "ಯಾಕ ನಗವಲ್ಲ? ಹಲ್ಲು ಹುಳುಕ ಅದಾವೇನು?"

ಹುಡುಗ, ಪಾಪ, ನಕ್ಕ.

"ಈಗ ಯಾಕ ನಗಾಕತ್ತಾನ?"

ಅದು ಕನ್ನಡ ನಾಡು ಒಂದಾಗುವ ಸುದ್ದಿಯ ಕಾಲ. ಹಿಂದೆ ಗದಗಿಗೊಬ್ಬ ಒಡೆಯ, ಶಿರಹಟ್ಟಿಗೊಬ್ಬ, ಲಕ್ಷ್ಮೇಶ್ವರಕ್ಕೆ ಮತ್ತೊಬ್ಬ ಇದ್ದುದನ್ನು ಕಂಡವನು ಕಾಕಾ. "ಗೆರಿ ಎಳಿಯೋರ ಕೈ ಜಾರಿ ಶಿಗ್ಲಿ ಆ ಕಡೆ ಹೋತಂದ್ರ? ಮಗಳ ಮಾರಿ ನೋಡಾಕ ಪರರಾಜ್ಯಕ್ಕ ಹೋಗಬೇಕೇನು?"

ಈ ಗಂಡೂ ಕೈತಪ್ಪಿತೆಂದುಕೊಂಡೆ. ಅಷ್ಟರಲ್ಲಿ ಅಡುಗೆಮನೆಯ ಬಾಗಿಲಿಂದ ನೀಲವ್ವ ಅಂದಳು: "ಅಪ್ಪಾ, ನಿನಗ ಇದ್ರ ಇರಲಿ. ನನಗ ಸಂಶೇ ಇಲ್ಲ."

ಕಾಕಾ ಎಲೆ ಅಡಿಕೆಯ ತಟ್ಟೆಯನ್ನು ತಾನೇ ಹುಡುಗನ ಮುಂದೆ ಸರಿಸಿದ.

ಮದುವೆಯ ಅಕ್ಕಿಕಾಳು ಬಿದ್ದವು. ಶಿಗ್ಲಿಗೆ ಹೋಗುವ ಬಂಡಿ ಹೂಡುತ್ತಿದ್ದಾಗ ಕಾಕಾ ನನ್ನನ್ನು ದನದ ಕೊಟ್ಟಿಗೆಗೆ ಎಳೆದೊಯ್ದ. ವಲ್ಲಿ ತೆಗೆದು ನಮ್ಮಿಬ್ಬರ ಕೈಯ ಮೇಲೆ ಹೊದಿಸಿದ. ಬೀಗರ ಮೇಲೆ ಇನ್ನಾವ ತಕರಾರೋ ಎಂದುಕೊಂಡೆ.

"ದಲ್ಲಾಳಿ ನೀನ. ಖರೆ ಹೇಳು ತಮ್ಮಾ. ಆಕೀನ್ನ ಚಲೋ ನೋಡ್ಕೋತಾರಿಲ್ಲೋ?"

ಇದಕ್ಕೆ ಒತ್ತುವ ಬೆರಳು ಯಾವುದು? ಸಂತೆಯಲ್ಲಿ ಯಾರೂ ಕಲಿಸಿರಲಿಲ್ಲ. ಅವನ ಕೈಯನ್ನು ಇಡಿಯಾಗಿ ಹಿಡಿದುಕೊಂಡೆ. ನೇಗಿಲು ಹಿಡಿದು ಒರಟಾದ ಆ ಕೈ ನನ್ನ ಬೆರಳುಗಳನ್ನು ಬಿಗಿಯಾಗಿ ಹಿಡಿಯಿತು. ಹೊರಗೆ ನೀಲವ್ವ "ಅಪ್ಪಾ" ಎಂದು ಕೂಗುವ ತನಕ ಹಾಗೇ ನಿಂತಿದ್ದೆವು.

ಅಂದು ಕಾಕಾ ವಲ್ಲಿ ಎತ್ತಿ ನೋಡಲಿಲ್ಲ.