ಅತ್ತಿ ಕೇಳಿದ ಕೊಸರು

ನಮ್ಮ ಸೋದರತ್ತಿ ಶನಿದೇವರ ಸಂಗಡವೂ ಚೌಕಾಸಿ ಮಾಡಿದವಳು! ನಗಬೇಡಿ. ನಾನು ಪಕ್ಕದಲ್ಲೇ ಕುಳಿತಿದ್ದೆ, ಕಂಡಷ್ಟನ್ನೇ ಹೇಳುತ್ತೇನೆ. ವಾಡಿಯ ನಮ್ಮ ಮನೆಗೆ ಬಂದ ಜ್ಯೋತಿಷಿ, "ಏಳೂವರೆ ವರ್ಷ ಶನಿಕಾಟ ಅದ ತಾಯಿ" ಎಂದ. ಅತ್ತಿ ಮೊರದಿಂದ ಕಣ್ಣೆತ್ತದೆ, "ಭಾಳ ಆತು. ಐದಕ್ಕ ಮುಗಸು" ಎಂದಳು. ಆತ ಪಂಚಾಂಗ ತಿರುವಿ ತಿರುವಿ ಐದಕ್ಕೆ ಒಪ್ಪಿದ. "ಮ್ಯಾಲ ಕೊಸರು?" ಎಂದಳು. ಪಾಪ, ಇನ್ನೂ ಮೂರು ತಿಂಗಳು ಬಿಟ್ಟುಕೊಟ್ಟು ಎದ್ದುಹೋದ!

ಸಂತೆಯಲ್ಲಿ ತೂಕ ಮುಗಿದ ಮೇಲೆ ಕೈಗೆ ಬೀಳುವ ಆ ನಾಲ್ಕು ಮೆಣಸಿನಕಾಯಿ, ಆ ಕೊಸರು, ಬರದಿದ್ದರೆ, ಅವಳ ಪ್ರಕಾರ ವ್ಯಾಪಾರವೇ ಆಗಿಲ್ಲ. ನನಗೆ ಜ್ವರ ಬಂದಾಗ ಡಾಕ್ಟರು ಎರಡು ಸೂಜಿ ಎಂದರು. "ಕೂಸು ಸಣ್ಣದದ, ಒಂದರಾಗ ಮುಗಸ್ರಿ" ಎಂದಳು. ಒಂದೇ ಆಯಿತು. ಜ್ವರವೂ ಬಿಟ್ಟಿತು. ಅವಳಿಗೆ ಹೆದರಿಯೇ ಬಿಟ್ಟಿರಬೇಕು!

ಇಂಥ ಅತ್ತಿ ನನ್ನನ್ನು ಕಾಲೇಜಿಗೆ ಸೇರಿಸಲು ಹೊರಟಳು. ಅಪ್ಪ ತೀರಿಕೊಂಡ ಮೇಲೆ ನಾನು ಬೆಳೆದದ್ದು ಅವಳ ಮನೆಯಲ್ಲೇ. ಮಾವ ರೈಲ್ವೆ ಗ್ಯಾಂಗಿನಲ್ಲಿ ಹಳಿ ಕಾಯುವವರು. ಅವರ ಪಗಾರದಲ್ಲಿ ಕಾಲೇಜಿನ ಫೀ ಕಟ್ಟುವಂತಿರಲಿಲ್ಲ. ಗುಲಬರ್ಗಾದ ಆ ಕಾಲೇಜಿನಲ್ಲಿ ಬಡ ಮಕ್ಕಳಿಗೆ ಮಾಫಿ ಇತ್ತು, ನಿಜ. ಆದರೆ ಅಲ್ಲಿ ಎರಡು ಬೆಂಚು. ಎಡಗಡೆ ಫೀ ಕಟ್ಟುವವರದು, ಬಲಗಡೆ ಮಾಫಿ ಕೇಳುವವರದು. ಎಡಬೆಂಚು ಖಾಲಿಯಾದ ಮೇಲೆ ಸೀಟು ಉಳಿದರೆ ಮಾತ್ರ ಬಲಬೆಂಚಿನ ಸರದಿ. ಹಿಂದಿನ ವರ್ಷ ನಮ್ಮ ಓಣಿಯ ಹುಡುಗಿಯೊಬ್ಬಳು, ಒಳ್ಳೆಯ ಮಾರ್ಕು ಇದ್ದವಳು, ಸಂಜೆಯತನಕ ಬಲಬೆಂಚಿನ ಮೇಲೆ ಕುಳಿತು ಹಾಗೆಯೇ ವಾಪಸು ಬಂದಿದ್ದಳು. ಬಂದವಳಿಗೆ ಮದುವೆ ಮಾಡಿಬಿಟ್ಟರು. ನನಗೂ ಒಂದು ವರ ಚಿತ್ತಾಪುರದಲ್ಲಿ ಕಾಯುತ್ತಿತ್ತು.

ಆ ದಿನ ಪ್ಯಾಸೆಂಜರ್ ಗಾಡಿ ಹತ್ತುವಾಗ ಅತ್ತಿಯನ್ನು ನೋಡಿ ನಾನು ಗಾಬರಿಯಾದೆ. ಇಳಕಲ್ ಸೀರೆ! ಕೊರಳಲ್ಲಿ ಬೋರಮಾಳ, ಗುಂಡಿನ ಸರ! ಕೈತುಂಬ ಪಾಟಲಿ ಬಳೆ! ತೂತು ಮುಚ್ಚದಿರಲೆಂದು ಸದಾ ಬೇವಿನ ಕಡ್ಡಿ ಇರುತ್ತಿದ್ದ ಕಿವಿಗಳಲ್ಲಿ ಝುಮಕಿ!

"ಅತ್ತಿ, ಮಾಫಿ ಕೇಳಾಕ ಹೊಂಟೀವೋ, ಮದವಿಗಿ ಹೊಂಟೀವೋ?"

"ಬಾಯಿ ಮುಚ್ಚಿ ಕುಂದ್ರು. ಝುಮಕಿ ಅಳ್ಳಾಡ್ತಾವ."

ಶಹಾಬಾದ ದಾಟುವವರೆಗೂ ಅವಳು ಕತ್ತು ತಿರುಗಿಸಲಿಲ್ಲ.

ಕಾಲೇಜಿನಲ್ಲಿ ಅವಳು ಎಡಬೆಂಚಿನ ನಟ್ಟನಡುವೆ ಕುಳಿತಳು. ಯಾರು ತಡೆಯುತ್ತಾರೆ? ಜವಾನ ನೀರು ತಂದುಕೊಟ್ಟ. ಒಳಗೆ ಕರೆದ ಪ್ರಾಂಶುಪಾಲರು ನನ್ನ ಮಾರ್ಕು ನೋಡಿದರು, ಅತ್ತಿಯ ಕೊರಳು ನೋಡಿದರು, ಸೀಟು ಕೊಟ್ಟು ಸಹಿ ಹಾಕಿದರು. ಆಗ ಅತ್ತಿ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು.

"ಸೀಟಿಂದು ಆತ್ರಿ. ಈಗ ಮಾಫಿ ಮಾತಾಡೋಣು."

ಅವರ ಕೈಯಲ್ಲಿದ್ದ ಪೆನ್ನು ಕೈಯಲ್ಲೇ ಉಳಿಯಿತು. "ಇಷ್ಟು ಬಂಗಾರ ಹಾಕ್ಕೊಂಡು ಮಾಫಿ ಕೇಳ್ತೀರೇನು ತಾಯಿ?"

ಅತ್ತಿ ಒಂದೊಂದೇ ಒಡವೆ ಬಿಚ್ಚಿ ಮೇಜಿನ ಮೇಲೆ ಇಡತೊಡಗಿದಳು. "ಬೋರಮಾಳ ಸ್ಟೇಷನ್ ಮಾಸ್ತರ ಹೆಣ್ತೀದು. ಪಾಟಲಿ ಹಿಟ್ಟಿನ ಗಿರಣಿ ನಡಸೋ ಖಾಲಾಂದು. ಗುಂಡಿನ ಸರ ಎದುರಮನಿ ಗೌಡ್ತೀದು. ಝುಮಕಿ ನಮ್ಮ ಬೀಗ್ತೀದು. ಸೀರಿ... ಸೀರಿ ಮಾತು ಬಿಡ್ರಿ."

"ಅಂದ್ರ, ಸುಳ್ಳು ಹೇಳಿ ಸೀಟು ತೊಗೊಂಡ್ರಿ!"

"ಯಾವಾಗ ಹೇಳೀನ್ರಿ? ನೀವು ಕೇಳಿದ್ರೇನು? ಬಂಗಾರ ನೋಡಿದ್ರಿ, ನಿಮ್ಮಷ್ಟಕ್ಕ ನೀವೇ ತಿಳ್ಕೊಂಡ್ರಿ." ಆಮೇಲೆ ಅವಳ ದನಿ ತಗ್ಗಿತು. "ಇದೆಲ್ಲಾ ಕಡ ತಂದದ್ದು ಸಾಹೇಬ್ರ. ಈ ಹುಡುಗಿ ಮಾರ್ಕು ಮಾತ್ರ ಯಾರ ಮನ್ಯಾಗೂ ಕಡ ತಂದಿಲ್ಲ. ಇಡೀ ಓಣಿ ನನ್ನ ಮ್ಯಾಲ ಭರೋಸಾ ಇಟ್ಟು ಕೊರಳಾಗಿಂದು ಬಿಚ್ಚಿ ಕೊಟ್ಟದ. ನೀವು ಈಕಿ ಮ್ಯಾಲ ಒಂದು ಕುರ್ಚಿ ಭರೋಸಾ ಇಡ್ಲಾಕ ಆಗಂಗಿಲ್ಲೇನು?"

ಸಹಿ ಹಾಕಿದ ಕಾಗದ ಇನ್ನೂ ಅವರ ಕೈಯಲ್ಲೇ ಇತ್ತು. ಹರಿಯಲು ಎಷ್ಟು ಹೊತ್ತು? ಅವರು ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು.

"ಅರ್ಧ ಮಾಫಿ" ಎಂದರು.

ಅಯ್ಯೋ, ಅತ್ತಿಯೆದುರು ಅರ್ಧದಿಂದ ಶುರು ಮಾಡಿದವರು ಯಾರಾದರೂ ಉಳಿದಿದ್ದಾರೆಯೇ! ಚಹಾ ಬರುವಷ್ಟರಲ್ಲಿ ಮುಕ್ಕಾಲಾಯಿತು. ಕಪ್ಪು ಬರಿದಾಗುವಷ್ಟರಲ್ಲಿ ಪೂರ್ತಿಯಾಯಿತು. ವರ್ಷವರ್ಷವೂ ಫಸ್ಟ್ ಕ್ಲಾಸ್ ಬರಬೇಕೆಂಬುದು ಅವರ ಷರತ್ತು. ನನ್ನನ್ನು ಒಂದು ಮಾತೂ ಕೇಳದೆ ಅತ್ತಿ ಒಪ್ಪಿಬಿಟ್ಟಳು! ಬಾಗಿಲವರೆಗೆ ಹೋದವಳು ತಿರುಗಿ ನಿಂತಳು.

"ಸಾಹೇಬ್ರ, ಕೊಸರು?"

ಅವರು ಗಟ್ಟಿಯಾಗಿ ನಕ್ಕುಬಿಟ್ಟರು. ಹಾಸ್ಟೆಲಿನ ಊಟವೂ ಮಾಫಿಯಾಯಿತು!

ಸಂಜೆ ಓಣಿಯಲ್ಲಿ ಮನೆಮನೆಗೂ ಒಡವೆ ಹಿಂದಿರುಗಿದವು. ಹಿಂದೆಯೇ ಬಾಯಿ ಸಿಹಿಗೆಂದು ಸಕ್ಕರೆ. ಅತ್ತಿಯ ಕಿವಿಗೆ ಮತ್ತೆ ಬೇವಿನ ಕಡ್ಡಿ.

ಓದು ಮುಗಿಸಿ ಸೇಡಂನಲ್ಲಿ ಶಿಕ್ಷಕಿಯಾದ ಮೇಲೆ ನಾನು ಅವಳಿಗೆ ಒಂದು ಜೊತೆ ಝುಮಕಿ ಕೊಂಡುತಂದೆ. ಬೆಲೆ ಕೇಳಲಿಲ್ಲ, ಹಾಕಿಕೊಂಡಳು. ಮುಂದಿನ ಸಲ ಹೋದಾಗ ನೋಡುತ್ತೇನೆ, ಕಿವಿಯಲ್ಲಿ ಅದೇ ಬೇವಿನ ಕಡ್ಡಿ!

"ಝುಮಕಿ ಎಲ್ಲಿ ಅತ್ತಿ?" ಎಂದೆ, ಸ್ವಲ್ಪ ಸಿಟ್ಟಿನಿಂದಲೇ.

"ಗಿರಣಿ ಖಾಲಾನ ಮೊಮ್ಮಗಳಿಗಿ ನಾಳೆ ಕಾಲೇಜಿನ್ಯಾಗ ಕರದಾರ. ಅವರವ್ವಗ ಕೊಟ್ಟೀನಿ. ಆ ಪಾಟಲಿ ಯಾವಾಗೋ ಮಾರಿ ಉಂಡಾರವ್ವ, ಪಾಪ."

ನನ್ನ ಕೈಯಲ್ಲಿದ್ದ ಎರಡು ಬಳೆ ಬಿಚ್ಚಿ ಅವಳ ಮಡಿಲಿಗೆ ಹಾಕಿದೆ. ಅವಳು ಅವನ್ನು ಅಂಗೈಯಲ್ಲಿ ತೂಗಿ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು. ಕಣ್ಣು ಒದ್ದೆಯಾಗಿದ್ದವು, ದನಿ ಮಾತ್ರ ಸಂತೆಯದೇ.

"ಕೊಸರು?"

ನಾನು ಕೊರಳ ಸರದ ಕೊಂಡಿಗೆ ಕೈ ಹಾಕಿದೆ.