ಎಂಬತ್ತೇಳು ಅಂಕದ ನಾಯಕ

ನಮ್ಮ ಇನ್ಸ್‌ಪೆಕ್ಟರ್ ಸಾಹೇಬರು ಕಟ್ಟಿಕೊಂಡ ಹೆಂಡತಿಯನ್ನೇ ಎರಡು ಸಲ ಫೇಲ್ ಮಾಡಿದ ಮಹಾನುಭಾವರು. (ಡ್ರೈವಿಂಗ್ ಪರೀಕ್ಷೆಯಲ್ಲಿ. ಸಂಸಾರದ ಪರೀಕ್ಷೆಗೆ ಅಂಕ ಕೊಡುವ ಅಧಿಕಾರವನ್ನು ಸರ್ಕಾರ ಅವರಿಗೆ ಕೊಟ್ಟಿರಲಿಲ್ಲ.) ಇಪ್ಪತ್ತೆರಡು ವರ್ಷಗಳಿಂದ ಅವರು ಲೈಸೆನ್ಸ್ ಕಚೇರಿಯ ಹಿಂದಿನ ಮೈದಾನದಲ್ಲಿ, ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ತೊಡೆಯ ಮೇಲೆ ಅಂಕಪಟ್ಟಿ ಇಟ್ಟುಕೊಂಡು ಕೆಂಪು ಪೆನ್ನು ಆಡಿಸುತ್ತಾ ಬಂದವರು. ಮೊದಲ ಸಲ ಹೆಂಡತಿ ಕನ್ನಡಿ ನೋಡಲಿಲ್ಲ. ಎರಡನೇ ಸಲ ಬಲಕ್ಕೆ ತಿರುಗಬೇಕಾದಲ್ಲಿ ಎಡಕ್ಕೆ ತಿರುಗಿ, ಸೀದಾ ಕ್ಯಾಂಟೀನ್ ಬಾಗಿಲಿಗೆ ಹೋಗಿ ನಿಲ್ಲಿಸಿದಳು.

"ಯಾವ ರಸ್ತೇಲಿದ್ದೀವಿ ಅಂತಲೇ ಗೊತ್ತಿಲ್ಲದವರಿಗೆ ಲೈಸೆನ್ಸ್ ಯಾಕಮ್ಮಾ? ಮೂವತ್ತು ದಿನ ಬಿಟ್ಟು ಬನ್ನಿ" ಎಂದರು ಸಾಹೇಬರು, ಯಾರೋ ಅಪರಿಚಿತಳಿಗೆ ಹೇಳುವ ಹಾಗೆ.

ಆಕೆ ಮತ್ತೆ ಹೋಗಲಿಲ್ಲ. ಆ ಮೂವತ್ತು ದಿನವೂ ಸಾಹೇಬರ ತಟ್ಟೆಗೆ ಉಪ್ಪು ಮಾತ್ರ ಬರಲಿಲ್ಲ. ಆದರೂ ತಮ್ಮ ನಿಷ್ಪಕ್ಷಪಾತದ ಬಗ್ಗೆ ಅವರಿಗಿದ್ದ ಹೆಮ್ಮೆ ಅಷ್ಟಿಷ್ಟಲ್ಲ.

ಇಂಥವರ ಮುಂದೆ ದೇಶದ ಮಹಾಚುನಾವಣೆ ಬಂದು ನಿಂತರೆ ಬಿಟ್ಟಾರೆಯೇ?

"ನೋಡೇ, ಸ್ಕೂಟರ್ ಓಡಿಸೋಕೇ ಪರೀಕ್ಷೆ ಇದೆ. ದೇಶ ಓಡಿಸೋಕೆ ಬೇಡ್ವಾ?"

"ಬೇಕು ರೀ" ಎಂದಳು ಹೆಂಡತಿ, ಹೊಲಿಗೆ ಯಂತ್ರದಿಂದ ತಲೆ ಎತ್ತದೆ. ಮನೆಯ ಮುಂದಿನ ಕೋಣೆಯೇ ಆಕೆಯ ಹೊಲಿಗೆ ಅಂಗಡಿ. ಬೀದಿಗೆ ಬಂದವರೆಲ್ಲ ಆಕೆಯ ಕಣ್ಣಿಗೆ ಬಿದ್ದೇ ಮುಂದೆ ಹೋಗಬೇಕು.

"ಈ ಸಲ ನನ್ನ ಓಟು ಯೋಗ್ಯರಿಗೇ. ಪರೀಕ್ಷೆ ನಾನೇ ತಗೋತೀನಿ!"

ಅಂದಿನಿಂದ ಡ್ರೈವಿಂಗ್ ಅಂಕಪಟ್ಟಿಗೆ ರಾಜಯೋಗ ಬಂತು. ಸಿಗ್ನಲ್: ಮುಂದೆ ಏನು ಮಾಡುತ್ತೇನೆಂದು ಮೊದಲೇ ಸ್ಪಷ್ಟವಾಗಿ ತೋರಿಸುತ್ತಾರೆಯೇ? ಬ್ರೇಕು: ನಾಲಿಗೆಗೆ ಇದೆಯೇ? ರಿವರ್ಸ್: ಕೊಟ್ಟ ಮಾತಿನಿಂದ ಹಿಂದೆ ಸರಿದದ್ದು ಎಷ್ಟು ಸಲ? ಕನ್ನಡಿ: ಹಿಂದೆ ಬಿಟ್ಟು ಬಂದವರನ್ನು ಒಮ್ಮೆಯಾದರೂ ನೋಡಿದ್ದಾರೆಯೇ? ಸಾಹೇಬರು ಊಟದ ವೇಳೆಯಲ್ಲಿ ಕಚೇರಿ ಸುತ್ತಮುತ್ತ ನಡೆದ ಸಭೆಗಳಿಗೆಲ್ಲ ಹೋಗಿ ಮೊದಲ ಸಾಲಿನಲ್ಲಿ ಕೂತರು. ನಲವತ್ತು ನಿಮಿಷ ಅರಚಿದವರೊಬ್ಬರಿಗೆ 'ಹಾರನ್ ದುರ್ಬಳಕೆ' ಎಂದು ಬರೆದು ಸೊನ್ನೆ ಕೊಟ್ಟರು. ಐವರು ಅಭ್ಯರ್ಥಿಗಳಲ್ಲಿ ನಾಲ್ವರು ಫೇಲು. ಉಳಿದ ಒಬ್ಬರು, ದಪ್ಪ ಕನ್ನಡಕದ ಹಳೇ ಎಂಜಿನಿಯರು, ಎಂಬತ್ತೇಳು ಅಂಕ ಪಡೆದರು. ಇಪ್ಪತ್ತೆರಡು ವರ್ಷದಲ್ಲಿ ಆ ಕೆಂಪು ಪೆನ್ನು ಅಷ್ಟು ಅಂಕ ಯಾರಿಗೂ ಕೊಟ್ಟಿರಲಿಲ್ಲ.

ತಮ್ಮ ಮನೆಯ ಬೀದಿಯ ಗೋಡೆಗಳಲ್ಲಿ ಮಾತ್ರ ಬೇರೆಯೇ ಮುಖಗಳು. ಸಾಹೇಬರು ಹೆಲ್ಮೆಟ್ಟಿನೊಳಗಿಂದಲೇ ಮೂಗು ಮುರಿದರು. "ಯಾವುದೋ ಕ್ಷೇತ್ರದವರು ಇಲ್ಲಿಗೆ ಬಂದು ಗೋಡೆ ಹಾಳು ಮಾಡ್ತಿದ್ದಾರೆ. ಲೇನ್ ಶಿಸ್ತೇ ಇಲ್ಲ. ಎಲ್ಲಾ ಫೇಲು!"

"ರೀ, ಈ ಸಲ ರೈಲ್ವೆ ಗೇಟಿನ ಆ ಕಡೆ..." ಎಂದು ಹೆಂಡತಿ ಬಾಯಿ ತೆರೆದಳು.

"ಪರೀಕ್ಷಕರ ಮೇಲೆ ಒತ್ತಡ ತರಬಾರದು!"

ಆಕೆ ಮಾತು ಬದಲಿಸಿದಳು. "ಇವತ್ತು ದನದ ಡಾಕ್ಟರಮ್ಮ ಬಂದಿದ್ರು, ಚುನಾವಣೆಗೆ ನಿಂತವರು. ನನ್ನ ಕತ್ತರೀನೇ ಅವರ ಚಿಹ್ನೆ. ಚರಂಡಿ ಕಟ್ಟಿಸ್ತೀರಾ ಅಂದೆ. 'ಅದು ನಗರಸಭೆ ಕೆಲಸಮ್ಮ, ಸುಳ್ಳು ಹೇಳಲ್ಲ. ಸಂಸತ್ತಲ್ಲಿ ಕೇಳೋದು ಏನಿದೆ ಹೇಳಿ' ಅಂತ ಕೂತು ಬರ್ಕೊಂಡ್ರು. ನಿನ್ನೆ ಬಂದವರು ಸಂಸತ್ತಿಗೆ ಹೋಗಿ ನಮ್ಮ ಚರಂಡಿ ಕಟ್ಟಿಸ್ತಾರಂತೆ!"

"ಹೂಂ, ಹೂಂ" ಎಂದರು ಸಾಹೇಬರು, ಎಂಬತ್ತೇಳನ್ನು ಮತ್ತೊಮ್ಮೆ ಕೂಡಿ ನೋಡುತ್ತಾ.

ಮತದಾನದ ದಿನ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಜೇಬಿಗೆ ಅಂಕಪಟ್ಟಿ, ಅದರ ಮೇಲೆ ಕೆಂಪು ಪೆನ್ನು ಸಿಕ್ಕಿಸಿ ಹೊರಟರು. ಹೆಂಡತಿ ಹೆಂಗಸರ ಸಾಲಿನಲ್ಲಿ ಬೇಗ ಮುಗಿಸಿ ಗೇಟಿನ ಬಳಿ ನಿಂತಿದ್ದಳು. ಸಾಹೇಬರು ಬೆರಳಿಗೆ ಶಾಯಿ ಹಾಕಿಸಿಕೊಂಡು, ಎದೆಯುಬ್ಬಿಸಿ, ಮರೆಯ ಹಿಂದೆ ಹೋಗಿ ಯಂತ್ರದ ಮುಂದೆ ನಿಂತರು.

ಕನ್ನಡಕದವರು ಇಲ್ಲ! ಮೇಲಿನಿಂದ ಕೆಳಗೆ ಓದಿದರು, ಕೆಳಗಿನಿಂದ ಮೇಲೆ ಓದಿದರು. ಫೇಲಾದ ನಾಲ್ವರೂ ಇಲ್ಲ.

"ಸ್ವಾಮೀ, ಈ ಯಂತ್ರದಲ್ಲಿ ಅಭ್ಯರ್ಥಿಗಳೇ ತಪ್ಪಾಗಿದ್ದಾರೆ!"

"ಇಲ್ಲ ಸಾರ್" ಎಂದರು ಮತಗಟ್ಟೆ ಅಧಿಕಾರಿ ಕೂತಲ್ಲಿಂದಲೇ. "ಈ ಸಲ ಕ್ಷೇತ್ರ ಒಡೆದು ಎರಡಾಗಿದೆ. ರೈಲ್ವೆ ಗೇಟಿನ ಆ ಕಡೆ ಅವರದು, ಈ ಕಡೆ ನಮ್ಮದು. ನಿಮ್ಮ ವೋಟರ್ ಚೀಟಿ ಮೇಲೇ ಬರೆದಿತ್ತಲ್ಲ?"

ಕಚೇರಿ ಆ ಕಡೆ, ಮನೆ ಈ ಕಡೆ. ಸಾಲಿನಲ್ಲಿ ಸಾಹೇಬರ ಕೈಯಲ್ಲಿ ಫೇಲಾದವರೇನು ಕಡಿಮೆಯಿರಲಿಲ್ಲ. "ಕ್ಲಚ್ ಬಿಡಿ ಸಾರ್, ಗಾಡಿ ಮುಂದೆ ಹೋಗ್ಲಿ!" ಎಂದು ಒಬ್ಬ ಕೂಗಿದ.

ಓಟು ಹಾಕದೆ ಹೋದರೆ ಎರಡು ತಿಂಗಳ ಪ್ರತಿಜ್ಞೆ ಮಣ್ಣುಪಾಲು. ಯಾರಿಗೋ ಒಬ್ಬರಿಗೆ ಒತ್ತಿದರೆ ಕಣ್ಣು ಮುಚ್ಚಿಕೊಂಡು ಓಟು ಹಾಕುವವರಿಗೂ ತಮಗೂ ಏನು ವ್ಯತ್ಯಾಸ? ಆಗ ಪಟ್ಟಿಯಲ್ಲಿ ಕಣ್ಣಿಗೆ ಬಿತ್ತು ಕತ್ತರಿ. ಅರ್ಧ ಕಿವಿಯಲ್ಲಿ ಕೇಳಿದ್ದ ಹೆಂಡತಿಯ ಮಾತು ಪೂರ್ತಿ ಮರಳಿ ಬಂತು. ಚರಂಡಿ ತಮ್ಮ ಕೆಲಸವಲ್ಲವೆಂದು ಡಾಕ್ಟರಮ್ಮ ಮೊದಲೇ ಹೇಳಿದರು: ಸಿಗ್ನಲ್ ಸರಿ. ಸುಳ್ಳು ಭರವಸೆ ಕೊಡಲಿಲ್ಲ: ಬ್ರೇಕು ಸರಿ. ಸಾಹೇಬರು ಎಷ್ಟು ಹುಡುಕಿದರೂ ಅಂಕ ಕಳೆಯಲು ಜಾಗ ಸಿಗಲಿಲ್ಲ. ಗುಂಡಿ ಒತ್ತಿದರು.

ಹೊರಗೆ ಬರುವಷ್ಟರಲ್ಲಿ ಎದೆ ಮತ್ತೆ ಉಬ್ಬಿತ್ತು.

"ಎಂಬತ್ತೇಳಕ್ಕೇ ಹಾಕಿದ್ರಾ?" ಎಂದಳು ಹೆಂಡತಿ.

"ಮತದಾನ ಗುಪ್ತ ಕಣೆ."

"ಗುಪ್ತವಾಗೇ ಇರ್ಲಿ. ಆದ್ರೆ ಅವರಿಗೆ ಹಾಕ್ಬೇಕಂದ್ರೆ ರೈಲ್ವೆ ಗೇಟು ದಾಟಬೇಕಿತ್ತಲ್ಲಾ?"

"ನಿಂಗೆ ಗೊತ್ತಿತ್ತಾ?"

"ಚೀಟಿ ಬಂದ ದಿನವೇ. ಹೇಳೋಕೆ ಬಂದ್ರೆ ಪರೀಕ್ಷಕರ ಮೇಲೆ ಒತ್ತಡ ತರಬಾರದು ಅಂದ್ರಿ."

ಸಾಹೇಬರು ಆಕೆಯನ್ನೇ ನೋಡಿದರು. ಹೊಲಿಗೆ ಯಂತ್ರದ ಮುಂದೆ ಕೂತಲ್ಲೇ, ಬಂದವರನ್ನೆಲ್ಲ ಅಳತೆ ಮಾಡಿ ಕಳಿಸಿದ್ದಳು. ಮದುವೆಯಾದಂದಿನಿಂದ ಬರೀ ತಮ್ಮ ಬಗ್ಗೆಯೇ ಪಡುತ್ತಿದ್ದ ಹೆಮ್ಮೆಯನ್ನು ಅವರು ಮೊದಲ ಬಾರಿ ಹೆಂಡತಿಯ ಬಗ್ಗೆ ಪಟ್ಟರು, ಹೊಟ್ಟೆ ತುಂಬ ಪಟ್ಟರು.

"ಸರಿಯಾಗಿ ಪರೀಕ್ಷೆ ತಗೊಂಡೋಳು ನೀನೇ ಕಣೆ. ನಿನ್ನ ಮಾತೇ ಒಳಗೆ ನನ್ನ ಮಾನ ಕಾಪಾಡ್ತು" ಎಂದರು ಧಾರಾಳವಾಗಿ. "ನಂಗೂ ಒಂದಿಷ್ಟು ಅಂಕ ಕೊಡು, ನೋಡೋಣ."

ಆಕೆ ಅವರ ಜೇಬಿನಿಂದ ಅಂಕಪಟ್ಟಿಯನ್ನೂ ಕೆಂಪು ಪೆನ್ನನ್ನೂ ತೆಗೆದುಕೊಂಡು, ಹಾಳೆಗೆ ಅಡ್ಡಲಾಗಿ ಒಂದು ಗೀಟು ಎಳೆದಳು.

"ಯಾವ ರಸ್ತೇಲಿದ್ದೀವಿ ಅಂತಲೇ ಗೊತ್ತಿಲ್ಲದವರಿಗೆ ಅಂಕ ಯಾಕೆ ಸ್ವಾಮೀ? ಐದು ವರ್ಷ ಬಿಟ್ಟು ಬನ್ನಿ."