ಸ್ಟೂಲಮ್ಮ ಕಂಡ ಗೋಲು

ಎಲ್ಲ ರಗಳೆಗೂ ಮೂಲ ಒಂದು ಸುಟ್ಟ ಬಲ್ಬು.

ನಡುಮನೆಯಲ್ಲಿ, ಟಿವಿಯ ಎದುರು ಗೋಡೆಯಲ್ಲಿ, ಬಾಗಿಲಿಗಿಂತ ತುಸು ಮೇಲೆ ಇದ್ದ ಬಲ್ಬು ಅದು. ಗಿರಣಿ ತಂಡದ ಸೀಸನ್ನಿನ ಮೊದಲ ಪಂದ್ಯದ ದಿನವೇ ಟಪ್ಪೆಂದು ಕಣ್ಣು ಮುಚ್ಚಿತು. ಗಿರಣಿ ತಂಡ ಎಂದರೆ ಊರಿನ ನೂಲಿನ ಗಿರಣಿಯ ಕೆಲಸಗಾರರು ಹಿಂದೆಂದೋ ಕಟ್ಟಿದ ಫುಟ್‌ಬಾಲ್ ಕ್ಲಬ್ಬು. ಅದು ಕೆಳದರ್ಜೆಯಲ್ಲಿ ವರ್ಷಗಟ್ಟಲೆ ತೆವಳಿ, ಕಡೆಗೂ ಮೇಲಿನ ದರ್ಜೆಗೆ ಮರಳಿತ್ತು. ಹಿಂದಿನ ಸಲ ತಂಡ ಅಲ್ಲಿದ್ದಾಗ ಈ ಮನೆಯೊಡತಿಯ ಗಂಡನ ತಲೆ ತುಂಬ ಕೂದಲಿತ್ತು. ಈಗ ತಂಡ ಮರಳಿದೆ, ಕೂದಲು ಮರಳಿಲ್ಲ.

ಆ ದಿನ ತಂಡ ಎರಡು ಗೋಲು ಹಿಂದಿತ್ತು. ಗಂಡ, ಎದುರುಮನೆಯ ಟೈಲರು, ಬೀದಿ ತಿರುವಿನ ಮಹಡಿ ಮನೆಯ ನಿವೃತ್ತ ಹೆಡ್‌ಮೇಷ್ಟ್ರು ಮೂವರೂ ಹಲ್ಲುನೋವು ಬಂದವರ ಹಾಗೆ ಕೂತಿದ್ದರು. ಅವಳು ಸ್ಟೂಲು ಎಳೆದುಕೊಂಡು ಹತ್ತಿ, ಬಲ್ಬಿಗೆ ಕೈ ಹಾಕಿದಳು. ಬೆನ್ನ ಹಿಂದೆ ಟಿವಿ ಕಿರುಚಿತು. ಗೋಲು!

ಅವಳು ತಿರುಗಿ ಇಳಿಯಲು ಹೋದಳು.

"ಏ, ಇಳೀಬೇಡ್ವೇ!" ಎಂದು ಗಂಡ ಅಬ್ಬರಿಸಿದ. "ಹಾಗೇ ನಿಂತಿರು! ಕೈ ತೆಗೀಬೇಡ!"

ಅವಳು ಹಾಗೇ ನಿಂತಳು. ತಂಡ ಇನ್ನೆರಡು ಗೋಲು ಹೊಡೆದು ಗೆದ್ದಿತು. ಅಲ್ಲಿಗೆ ಅವಳ ಗತಿ ಮುಗಿಯಿತು.

ಅಂದಿನಿಂದ ಗಿರಣಿ ತಂಡ ಆಡಿದ ಪ್ರತಿ ಪಂದ್ಯಕ್ಕೂ ಅವಳು ಸ್ಟೂಲಿನ ಮೇಲೆ, ಗೋಡೆಗೆ ಮುಖ, ಟಿವಿಗೆ ಬೆನ್ನು, ಬಲ್ಬಿನ ಮೇಲೆ ಕೈ. ಬೀದಿಯವರು ಅವಳನ್ನು ಸ್ಟೂಲಮ್ಮ ಎಂದು ಕರೆಯತೊಡಗಿದರು. ಬಲ್ಬು ಬದಲಾಯಿಸುವ ಮಾತೆತ್ತಿದರೆ ಗಂಡ ಕಿವಿ ಮುಚ್ಚಿಕೊಳ್ಳುತ್ತಿದ್ದ. "ಅದೇ ಬಲ್ಬು ಕಣೇ ಅದು!" ಹೀಗಾಗಿ ವರ್ಷವಿಡೀ ನಡುಮನೆಗೆ ಟಿವಿಯ ಬೆಳಕೇ ಗತಿ. ಬಂದ ನೆಂಟರು ಚಪ್ಪಲಿ ಹುಡುಕಲು ತಡಕಾಡಿ, ಒಬ್ಬರದ್ದು ಇನ್ನೊಬ್ಬರು ಹಾಕಿಕೊಂಡು ಹೋಗುತ್ತಿದ್ದರು.

ತಂಡ ಗೆದ್ದರೆ ಸ್ಟೂಲಿನ ಮಹಿಮೆ. ಸೋತರೆ ಇವಳ ತಪ್ಪು.

"ಎರಡನೇ ಗೋಲು ಬಿದ್ದಾಗ ಕಾಲು ಬದಲಾಯಿಸಿದ್ರಿ ತಾನೆ? ನಾನೇ ನೋಡಿದೆ," ಎನ್ನುತ್ತಿದ್ದ ಟೈಲರು.

"ಕಾಲು ಜೋಮು ಹಿಡಿದಿತ್ತಪ್ಪ."

"ಜೋಮು ನಿಮ್ಮ ಕಾಲಿಗೆ, ಗೋಲು ನಮ್ಮ ಎದೆಗೆ!"

ಒಮ್ಮೆ ತಡೆಯಲಾರದೆ ಅರ್ಧ ಕತ್ತು ತಿರುಗಿಸಿದ್ದಳು. ಆಗಲೇ ಎದುರಾಳಿಗಳು ಗೋಲು ಹೊಡೆದರು. ಗಂಡ ಎರಡು ದಿನ ಮಾತು ಬಿಟ್ಟ. ಆಮೇಲೆ ಅವಳು ಕತ್ತಿನ ಗೊಡವೆಗೆ ಹೋಗಲಿಲ್ಲ.

ತಮಾಷೆಯೆಂದರೆ, ಮೊದಲು ಅವಳಿಗೆ ಫುಟ್‌ಬಾಲ್ ಎಂದರೆ ಎಷ್ಟು ಜನ, ಎಷ್ಟು ಚೆಂಡು ಎಂಬುದೂ ಗೊತ್ತಿರಲಿಲ್ಲ. ಗೋಡೆ ನೋಡುತ್ತ, ಕಾಮೆಂಟರಿ ಕೇಳುತ್ತ ಕೇಳುತ್ತ ಆಟ ಅವಳೊಳಗೆ ಇಳಿದುಬಿಟ್ಟಿತ್ತು. ಅದರಲ್ಲೂ ಗಿರಣಿ ತಂಡದಲ್ಲಿ ಎಡಗಾಲಿನಿಂದ ಹೊಡೆಯುವ ಒಬ್ಬ ಹುಡುಗ. ಚೆಂಡು ಅವನ ಕಾಲಿಗೆ ಬಂತೆಂದರೆ ಕಾಮೆಂಟರಿಯವನ ದನಿಯೇ ಬದಲಾಗುತ್ತಿತ್ತು, ಅವಳ ಎದೆಯೂ. ಗೋಲುಗಳನ್ನು ರಾತ್ರಿ ಸುದ್ದಿಯಲ್ಲಿ ನೋಡಬಹುದಿತ್ತು ನಿಜ. ಆದರೆ ಅದು ಆರಿದ ಚಹಾ ಕಾಯಿಸಿ ಕುಡಿದ ಹಾಗೆ. ಎಲ್ಲರೂ ನೋಡುವ ಕ್ಷಣದಲ್ಲೇ ತಾನೂ ನೋಡಬೇಕು, ನಮ್ಮವರು ಹೊಡೆಯುವ ಒಂದೇ ಒಂದು ಗೋಲು. ಅವಳ ಆಸೆ ಅಷ್ಟೇ. ಕೆಲಸ ಮಾಡುವುದು ಕನ್ನಡಕದ ಅಂಗಡಿಯಲ್ಲಿ. ದಿನಕ್ಕೆ ನೂರು ಸಲ "ಕೊನೇ ಸಾಲು ಕಾಣ್ತಿದೆಯಾ?" ಎಂದು ಊರನ್ನೆಲ್ಲ ಕೇಳುವವಳಿಗೆ, ತನ್ನ ಮನೆಯ ಟಿವಿ ಕಾಣುವ ಯೋಗವಿರಲಿಲ್ಲ.

ಸೀಸನ್ನಿನ ಕೊನೆಯ ಪಂದ್ಯ ಬಂತು. ಡ್ರಾ ಆದರೂ ಸಾಕು, ತಂಡ ಮೇಲೆ ಉಳಿಯುತ್ತದೆ. ಸೋತರೆ ಮತ್ತೆ ಕೆಳಗೆ. ಆ ವಾರವೇ ಅಂಗಡಿಗೆ ಟೊಪ್ಪಿಗೆಯನ್ನು ಮೂಗಿನವರೆಗೆ ಎಳೆದುಕೊಂಡ ಒಬ್ಬ ಮನುಷ್ಯ ಬಂದ. ಕಣ್ಣು ಪರೀಕ್ಷೆಯಲ್ಲಿ ಎರಡನೇ ಸಾಲಿಗೇ ಸುಸ್ತಾದ.

"ಏನು ಕೆಲಸ ನಿಮ್ಮದು?" ಎಂದು ಅವಳು ಕೇಳಿದಳು.

ಆತ ಆಚೀಚೆ ನೋಡಿ ಪಿಸುಗುಟ್ಟಿದ. "ಫುಟ್‌ಬಾಲ್ ರೆಫರಿ. ಅಮ್ಮಾ, ದಮ್ಮಯ್ಯ, ಯಾರಿಗೂ ಹೇಳಬೇಡಿ."

ಬಾಯಿ ಮುಚ್ಚಿಸಲು ಆತ ಮೇಜಿನ ಮೇಲೆ ಇಟ್ಟುಹೋದದ್ದು ಕೊನೆಯ ಪಂದ್ಯದ ಒಂದು ಟಿಕೆಟ್ಟು.

ಟಿಕೆಟ್ಟು ಇದೆ, ಹೋಗುವುದು ಹೇಗೆ? ಉಪಾಯ ಹೊಳೆದದ್ದು ಕತ್ತಲೆಯಿಂದಲೇ. ನಡುಮನೆಯಲ್ಲಿ ಬಲ್ಬಿಲ್ಲ. ಬಿಸಿಲು ಟಿವಿಗೆ ಬೀಳದಿರಲೆಂದು ಕಿಟಕಿಗೂ ಪರದೆ. ಸ್ಟೂಲಿನ ಮೇಲೆ ಕಾಣುವುದು ನೀಲಿ ಸ್ವೆಟರಿನ ಬೆನ್ನು ಮಾತ್ರ. ಜೊತೆಗೇ ಇದ್ದ ನಾದಿನಿಯದ್ದೂ ಹೆಚ್ಚುಕಡಿಮೆ ಅದೇ ಎತ್ತರ.

"ನಾನಾ? ಅಣ್ಣನಿಗೆ ಗೊತ್ತಾದ್ರೆ ನನ್ನನ್ನೇ ಬಲ್ಬಿನ ಜಾಗಕ್ಕೆ ಸಿಕ್ಕಿಸ್ತಾನೆ ಅತ್ತಿಗೆ!"

"ಒಂದು ತಿಂಗಳು ನಿನ್ನ ಪಾಲಿನ ಪಾತ್ರೆ ನಾನು ತೊಳೀತೀನಿ."

"ಎರಡು ತಿಂಗಳು."

"ಆಯ್ತು ಮಹಾರಾಯ್ತಿ."

ಪಂದ್ಯದ ದಿನ ಮಧ್ಯಾಹ್ನ ಗಂಡ ಸ್ಟೂಲಿನ ನಾಲ್ಕೂ ಕಾಲು ಅಲ್ಲಾಡಿಸಿ ನೋಡಿದ. ಟೈಲರು ಬಂದವನೇ ಅವಳ ಮೂಗನ್ನು ಪರೀಕ್ಷಿಸಿದ. "ನೆಗಡಿ ಗಿಗಡಿ ಇಲ್ಲ ತಾನೆ? ಇವತ್ತೊಂದು ದಿನ ಸೀನಬೇಡಿ ತಾಯಿ." ಆಟ ಶುರುವಾಗುವ ಹೊತ್ತಿಗೆ ಅವಳು "ಬಚ್ಚಲಿಗೆ ಹೋಗಿ ಬಂದೆ" ಎಂದು ಒಳಹೋದಳು. ಹೊರಬಂದು ಸ್ಟೂಲು ಹತ್ತಿದ್ದು ನೀಲಿ ಸ್ವೆಟರಿನ ನಾದಿನಿ. ಇವಳು ನಾದಿನಿಯ ಹಳದಿ ಸ್ವೆಟರು ಹಾಕಿಕೊಂಡು ಹಿತ್ತಲ ಬಾಗಿಲಿನಿಂದ ಜಾರಿದಳು.

ಬೀದಿಯ ತಿರುವಿನಲ್ಲೇ ಹೆಡ್‌ಮೇಷ್ಟ್ರು! ತಡವಾಯಿತೆಂದು ಕುರ್ಚಿ ಹೊತ್ತುಕೊಂಡು ಓಡಿ ಬರುತ್ತಿದ್ದರು. ಕಣ್ಣ ಮೇಲೆ ಕನ್ನಡಕವಿಲ್ಲ. ಅದು ರಿಪೇರಿಗೆಂದು ಅಂಗಡಿಗೆ ಬಂದಿತ್ತು. ನಿನ್ನೆಯೇ ಸರಿಹೋಗಿದ್ದರೂ, ಈ ತಿರುವನ್ನು ನೆನೆದು ಅವಳು "ಸ್ಕ್ರೂ ಇನ್ನೂ ಬಂದಿಲ್ಲ ಮೇಷ್ಟ್ರೇ" ಎಂದು ಸುಳ್ಳು ಹೇಳಿದ್ದಳು.

"ಯಾರದು? ಸ್ಟೂಲಮ್ಮನ ನಡಿಗೆ ಇದ್ದ ಹಾಗಿದೆ!"

"ನಾನು ಅವರ ನಾದಿನಿ ಮೇಷ್ಟ್ರೇ," ಎಂದಳು, ದನಿಯನ್ನು ಹರೆಯಕ್ಕೆ ಏರಿಸಿ. "ಕನ್ನಡಕ ಇಲ್ದೆ ನೀವು ಟಿವಿ ನೋಡೋದು ಹೇಗೆ?"

"ನೋಡೋಕೆ ಯಾರು ಹೋಗ್ತಾರಮ್ಮ? ಬಯ್ಯೋಕೆ ಹೋಗೋದು!" ಎಂದು ಮೇಷ್ಟ್ರು ಕುರ್ಚಿ ಸಮೇತ ಓಡಿದರು.

ಬಸ್ಸುಗಳೆಲ್ಲ ಉಪ್ಪಿನಕಾಯಿ ಜಾಡಿಗಳಾಗಿದ್ದವು. ಒಂದರ ಮೆಟ್ಟಿಲಿನ ಮೇಲೆ ಒಂಟಿ ಕಾಲಿನಲ್ಲಿ ನಿಂತು ಹೋದಳು. ವರ್ಷದ ಅಭ್ಯಾಸ ಅಲ್ಲಿ ಕೈ ಹಿಡಿಯಿತು.

ಮೈದಾನದ ಮೆಟ್ಟಿಲು ಹತ್ತಿ ಮೇಲೆ ಬಂದಾಗ ಅವಳು ಅಲ್ಲೇ ನಿಂತುಬಿಟ್ಟಳು. ಹಸಿರು ಎಂದರೆ ಇಷ್ಟು ಹಸಿರೆ! ಚೆಂಡಿಗೆ ಕಾಲು ಬಿದ್ದ ಧಬ್ ಸದ್ದು ಇಲ್ಲಿಯವರೆಗೂ ಕೇಳುತ್ತಿತ್ತು. ಅಗೋ ಅವನೇ ಎಡಗಾಲಿನ ಹುಡುಗ. ಕಾಮೆಂಟರಿ ಕೇಳಿ ಆಳೆತ್ತರದ ವೀರನೆಂದುಕೊಂಡಿದ್ದಳು. ನೋಡಿದರೆ ಕಾಲ್ಚೀಲ ಜಾರಿದ, ಊಟ ಬಿಟ್ಟು ಓಡಿಬಂದ ಮಗುವಿನ ಹಾಗಿದ್ದ. ಅವಳಿಗೆ ಅಳು ಬರುವಷ್ಟು ಖುಷಿಯಾಯಿತು. ಗೋಡೆಯ ಮೇಲಿನ ಬಿರುಕನ್ನೇ ನೋಡುತ್ತ ಇಷ್ಟು ದಿನ ಕಳೆದವಳು ತಾನೇನಾ ಎನಿಸಿತು.

ಕೂತು ಸುಧಾರಿಸಿಕೊಳ್ಳುವ ಮೊದಲೇ ಗೋಲು ಬಿತ್ತು. ಎದುರಾಳಿಗಳದ್ದು. ಕಣ್ಣಾರೆ ಕಂಡ ಮೊದಲ ಗೋಲು, ಅದೂ ಪರರದ್ದು.

ನಾನು ಅಲ್ಲಿರಬೇಕಿತ್ತು ಎಂದುಕೊಂಡಳು. ಥೂ, ಬಲ್ಬಿಗೂ ಚೆಂಡಿಗೂ ಏನು ಸಂಬಂಧ ಎಂದು ತನ್ನನ್ನೇ ಗದರಿಸಿಕೊಂಡಳು. ಆದರೆ ವರ್ಷವಿಡೀ ನಿನ್ನದೇ ತಪ್ಪು, ನಿನ್ನದೇ ತಪ್ಪು ಎಂದು ಕೇಳಿದ ಮನಸ್ಸು ಅಷ್ಟು ಸುಲಭಕ್ಕೆ ಬಗ್ಗುತ್ತದೆಯೆ? ಬೇರೆಯವರು ಹೊರಿಸಿದ್ದನ್ನು ಇಳಿಸಬಹುದು. ತಾನೇ ನಂಬಿ ಹೊತ್ತದ್ದನ್ನು ಇಳಿಸುವುದು ಕಷ್ಟ.

ಆಟ ಮುಗಿಯುತ್ತ ಬಂತು. ತಂಡ ಮುಳುಗುತ್ತಿತ್ತು. ಆಗ ಗಿರಣಿ ತಂಡಕ್ಕೆ ಒಂದು ಕಾರ್ನರ್ ಸಿಕ್ಕಿತು. ಚೆಂಡನ್ನು ಮೂಲೆಯಲ್ಲಿಟ್ಟವನು ಎಡಗಾಲಿನ ಹುಡುಗನೇ. ಮುಂದಿನ ಸಾಲಿನಲ್ಲಿ ತೆಂಗಿನ ಮರದಂಥ ಒಬ್ಬ ಎದ್ದು ನಿಂತ. ಅವಳಿಗೆ ಕಂಡದ್ದು ಅವನ ಬೆನ್ನು ಮಾತ್ರ. ಮತ್ತೊಂದು ಗೋಡೆ! ಇಲ್ಲಿಯೂ ಗೋಡೆಯೇ? ಅವಳು ಹಿಂದೆಮುಂದೆ ನೋಡದೆ ತನ್ನ ಕುರ್ಚಿಯ ಮೇಲೆ ಹತ್ತಿ ನಿಂತಳು. ಈಗ ಎಲ್ಲ ಕಾಣುತ್ತಿತ್ತು. ಮೂಲೆ, ಚೆಂಡು, ಹುಡುಗ. ಅವನು ಓಡಲು ನಾಲ್ಕು ಹೆಜ್ಜೆ ಹಿಂದೆ ಸರಿದ.

ಯಾರೋ ಹಿಂದಿನಿಂದ ಸ್ವೆಟರು ಜಗ್ಗಿದರು.

"ಅಮ್ಮಾ, ಇಳೀರಿ! ನಮಗೇನೂ ಕಾಣ್ತಿಲ್ಲ!"

ಅವಳು ಒಂದು ಕೈ ಮೇಲೆತ್ತಿ, ಹಿಂದಕ್ಕೆ ತಿರುಗಿ, "ಒಂದೇ ನಿಮಿಷ ಅಣ್ಣಾ..." ಎನ್ನುವಷ್ಟರಲ್ಲಿ ಆಕಾಶ ಕಳಚಿ ಬಿದ್ದಂತೆ ಮೈದಾನ ಗರ್ಜಿಸಿತು.

ಗೋಲು. ನಮ್ಮ ಗೋಲು. ಅವಳ ಬೆನ್ನ ಹಿಂದೆ.

"ಅಯ್ಯೋ!" ಎಂದು ತಿರುಗಹೊರಟಳು. ಸ್ವೆಟರು ಜಗ್ಗಿದ ಆ ಮನುಷ್ಯನೇ ಅವಳ ಎರಡೂ ಕಾಲು ಹಿಡಿದುಕೊಂಡ.

"ತಿರುಗಬೇಡಿ ತಾಯಿ! ಇಳೀಬೇಡಿ! ಕೈ ಹಾಗೇ ಇರಲಿ!"

"ಈಗ ತಾನೆ ಇಳೀರಿ ಅಂದ್ರಲ್ಲ!"

"ಆಗ ನಂಗೆ ಬುದ್ಧಿ ಇರಲಿಲ್ಲಮ್ಮ!"

ಆ ಸಾಲಿನವರು, ಮೇಲಿನ ಸಾಲಿನವರು, ಅದರ ಮೇಲಿನವರು, ಎಲ್ಲ ಒಂದೇ ಉಸಿರಿಗೆ "ತಿರುಗಬೇಡಿ" ಎಂದು ಕೂಗಿದರು. ಅವಳು ಕೈ ಎತ್ತಿಕೊಂಡು, ಮೈದಾನಕ್ಕೆ ಬೆನ್ನು ಹಾಕಿ ನಿಂತಳು. ಎದುರಿಗೆ ಸಾವಿರಾರು ಮುಖಗಳು. ಅಷ್ಟೂ ಮುಖಗಳು ಒಟ್ಟಿಗೆ ಬಾಯಿ ತೆರೆಯುತ್ತಿದ್ದವು, ಒಟ್ಟಿಗೆ ತುಟಿ ಕಚ್ಚುತ್ತಿದ್ದವು. ಒಬ್ಬಳು ಅಜ್ಜಿ ಮೊಮ್ಮಗಳ ಜಡೆಯನ್ನು ಹಗ್ಗದಂತೆ ಹಿಡಿದುಕೊಂಡಿದ್ದಳು. ಚೆಂಡು ಎಲ್ಲಿದೆಯೆಂದು ಅವರ ಕಣ್ಣುಗುಡ್ಡೆಗಳಲ್ಲೇ ತಿಳಿಯುತ್ತಿತ್ತು. ಇದನ್ನು ಮಾತ್ರ ಇಡೀ ಮೈದಾನದಲ್ಲಿ ತಾನೊಬ್ಬಳೇ ನೋಡುತ್ತಿದ್ದೇನೆ ಎಂದು ಅವಳಿಗೆ ಹೊಳೆಯುವಷ್ಟರಲ್ಲಿ ಕೊನೆಯ ಸೀಟಿ ಮೊಳಗಿತು. ಡ್ರಾ! ತಂಡ ಉಳಿಯಿತು. ಟಿವಿಯವರ ಕ್ಯಾಮೆರಾ ಅವಳ ಮೂಗಿನ ಹತ್ತಿರವೇ ಬಂದಿತ್ತು.

ಜನ ಚದುರುವಾಗ ಕ್ಲಬ್ಬಿನ ಕಾರ್ಯದರ್ಶಿ ಓಡಿಬಂದು ಕೈಮುಗಿದ. ಮನೆಯ ಫೋನ್ ನಂಬರು ಕೇಳಿ ಪಡೆದ. "ಅಮ್ಮಾ, ಮುಂದಿನ ಸೀಸನ್ ಪೂರ್ತಿ ನಿಮಗೆ ಮೊದಲ ಸಾಲಿನಲ್ಲಿ ಪುಕ್ಕಟೆ ಜಾಗ!"

ಅವಳು ಮನೆಗೆ ನಡೆದು ಬಂದಳೋ ತೇಲಿ ಬಂದಳೋ. ಮೊದಲ ಸಾಲು! ಇಡೀ ಸೀಸನ್! ಹೋಗಲಿ ಬಿಡು, ಒಂದು ಗೋಲು ತಪ್ಪಿದರೇನಂತೆ. ಬರುವಾಗ ಅಂಗಡಿಯಿಂದ ಒಂದು ಹೊಸ ಬಲ್ಬನ್ನೂ ತಂದಳು. ಸ್ಟೂಲಿನ ಕಾಲ ಮುಗಿಯಿತಲ್ಲ.

ಬಯ್ಗುಳಕ್ಕೆ ಸಿದ್ಧಳಾಗಿ ಬಾಗಿಲು ತಳ್ಳಿದರೆ ಕತ್ತಲೆಯಲ್ಲಿ ಚಪ್ಪಾಳೆ!

"ಟಿವಿಯಲ್ಲೊಬ್ಬಳು, ಸ್ಟೂಲಿನ ಮೇಲೊಬ್ಬಳು!" ಎಂದು ಟೈಲರು ಕುಣಿಯುತ್ತಿದ್ದ. "ನನಗೆ ತಲೆ ತಿರುಗಿ ಹೋಯ್ತು!"

"ನಿಮ್ಮ ಲೆಕ್ಕದ ಬೈಗುಳವೆಲ್ಲ ನಾನು ತಿಂದೆ ಅತ್ತಿಗೆ," ಎಂದಳು ನಾದಿನಿ, ಕಾಲು ತಿಕ್ಕಿಕೊಳ್ಳುತ್ತ. "ಪಾತ್ರೆ ಮೂರು ತಿಂಗಳು."

"ಮೊದಲು ಸಿಟ್ಟು ಬಂತು ಕಣೇ," ಎಂದ ಗಂಡ. ಅವನ ಕಣ್ಣಲ್ಲಿ ನೀರಿತ್ತು. "ಆಮೇಲೆ ಅರ್ಥ ಆಯ್ತು. ವರ್ಷವೆಲ್ಲ ನಾವು ಅರ್ಧ ಬಲದಲ್ಲಿ ಆಡಿಸಿದ್ವಿ. ಇವಳು ಇಲ್ಲಿ, ನೀನು ಅಲ್ಲಿ! ಹೀಗೆ ಮಾಡಿದ್ರೆ ಮುಂದಿನ ವರ್ಷ ಕಪ್ಪೇ ನಮ್ದು. ಕಾರ್ಯದರ್ಶಿಗಳೂ ಫೋನ್ ಮಾಡಿದ್ರು. ಮೊದಲ ಸಾಲಲ್ಲಿ ನಿನ್ನ ಕುರ್ಚಿ ರೆಡಿ ಮಾಡಿಸ್ತಾರಂತೆ."

"ಹೂಂ, ನಂಗೂ ಹೇಳಿದ್ರು," ಎಂದು ಅವಳು ನಾಚಿದಳು.

"ಉಳಿದ ಕುರ್ಚಿಗಳ ಹಾಗಲ್ಲ. ಜನರ ಕಡೆ ಮುಖ ಮಾಡಿ, ಬೋಲ್ಟ್ ಹಾಕಿ ಬಿಗೀತಾರಂತೆ. ನೀನು ಮರೆತು ಕೂಡ ತಿರುಗೋ ಹಾಗಿಲ್ಲ!"

ಅವಳ ಕೈಯಲ್ಲಿದ್ದ ಹೊಸ ಬಲ್ಬು ಬೆಚ್ಚಗಾಗಿತ್ತು. ಇದನ್ನಾದರೂ ಹಾಕೋಣವೆಂದು ಸ್ಟೂಲು ಎಳೆದುಕೊಂಡು, ಹತ್ತಿ, ಹಳೆಯದಕ್ಕೆ ಕೈ ಹಾಕಿದಳು.

"ಏ, ತಿರುಗಿಸಬೇಡ್ವೇ!" ಎಂದು ಮನೆಗೆ ಮನೆಯೇ ಚೀರಿತು.